ಸ್ಯಾನ್ ಹೋಸೆಯ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಕೈಪಿಡಿಗೆ ಸಹಿ ಹಾಕುವ ಮೊದಲು ಏನು ತಿಳಿದಿರಬೇಕು?

ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬರುತ್ತಿದ್ದೀರಿ, ಮಗಳನ್ನು ಒಂದನೇ ತರಗತಿಗೆ ಕ್ಯಾಥೊಲಿಕ್ ಶಾಲೆಗೆ ಸೇರಿಸಬೇಕೆಂದಿದ್ದೀರಿ, ಶಾಲೆಯವರು ದಪ್ಪನೆಯ ಕೈಪಿಡಿಯೊಂದನ್ನು ಕಳುಹಿಸಿ ತಂದೆ ತಾಯಿ ಇಬ್ಬರ ಸಹಿಯನ್ನೂ ಕೇಳಿದ್ದಾರೆ. ಯಜಮಾನರು “ಸುಮ್ಮನೆ ಸಹಿ ಹಾಕು, ನಮ್ಮೂರ ಕಾನ್ವೆಂಟಿನ ಹಾಗೆಯೇ ಇರುತ್ತದೆ” ಎನ್ನುತ್ತಿದ್ದಾರೆ. ಹಾಗೆಯೇ ಇರುತ್ತದೆಯೇ, ಧರ್ಮದ ವಿಷಯದಲ್ಲಿ ಹೇಗೆ ಎಂದು ಕೇಳಿದ್ದೀರಿ.

ಹಾಗೆಯೇ ಇರುವುದಿಲ್ಲ. ನನ್ನ ಇಬ್ಬರು ಮಕ್ಕಳೂ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲೇ ಒಂದು ಧರ್ಮಕೇಂದ್ರದ, ಅಂದರೆ ಸ್ಥಳೀಯ ಚರ್ಚಿನ, ಶಾಲೆಯಲ್ಲಿ ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿಯವರೆಗೆ ಓದಿದರು. ನಾವು ಹಿಂದೂಗಳು. ಶಾಲೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಸಹಿ ಹಾಕಿ, ಆದರೆ ಓದಿ ಹಾಕಿ. ಆ ಕೈಪಿಡಿಯ ಮುಕ್ಕಾಲು ಪಾಲು ಇರುವುದು ಮಗುವಿಗಲ್ಲ, ನಿಮಗೆ.

ಮೊದಲನೆಯದಾಗಿ, ಅದು ಖಾಸಗಿ ಒಪ್ಪಂದ. ಸರ್ಕಾರಿ ಶಾಲೆ ಮಗುವನ್ನು ಹೊರಗೆ ಹಾಕಬೇಕಾದರೆ ನೋಟಿಸು, ವಿಚಾರಣೆ ಎಂದು ಕಾನೂನಿನ ಪ್ರಕಾರ ನಡೆದುಕೊಳ್ಳಬೇಕು. ಸಂವಿಧಾನದ ಆ ಕಟ್ಟುಪಾಡು ಖಾಸಗಿ ಶಾಲೆಗೆ ಅನ್ವಯಿಸುವುದಿಲ್ಲ. ಅಲ್ಲಿ ಕೈಪಿಡಿಯಲ್ಲಿ ಬರೆದದ್ದೇ ನಿಮ್ಮ ಮತ್ತು ಶಾಲೆಯ ನಡುವಿನ ಕರಾರು. ಕ್ಯಾಲಿಫೋರ್ನಿಯಾದ ಅನೇಕ ಕ್ಯಾಥೊಲಿಕ್ ಶಾಲೆಗಳ ಕೈಪಿಡಿಯಲ್ಲಿ ಒಂದು ಷರತ್ತು ಇರುತ್ತದೆ. ಪೋಷಕರ ನಡವಳಿಕೆ ಸಹಕಾರಕ್ಕೆ ಬಾರದಷ್ಟು ಕೆಟ್ಟರೆ, ಮಗುವಿನ ತಪ್ಪು ಏನೂ ಇಲ್ಲದಿದ್ದರೂ, ಕುಟುಂಬವನ್ನು ಬೇರೆ ಶಾಲೆ ನೋಡಿಕೊಳ್ಳುವಂತೆ ಕೇಳಬಹುದು ಎಂಬುದು ಅದರ ಸಾರ. ಇದನ್ನು ಬಳಸುವ ಸಂದರ್ಭ ಅಪರೂಪ. ಆದರೆ ನಮ್ಮೂರಿನಲ್ಲಿ ಹೆಡ್‌ಮಿಸ್ ಕೋಣೆಯ ಮುಂದೆ ಜೋರು ಮಾಡಿ ಕೆಲಸ ಮಾಡಿಸಿಕೊಂಡು ಅಭ್ಯಾಸವಿರುವವರು ಆ ಪುಟವನ್ನು ಎರಡು ಸಲ ಓದುವುದು ಕ್ಷೇಮ.

ಪೋಷಕರ ಮೇಲೆ ಇಷ್ಟೊಂದು ಭಾರ ಏಕೆ ಎಂದರೆ, ಅದು ಅವರ ಸಿದ್ಧಾಂತ. ಕ್ಯಾಥೊಲಿಕ್ ಚರ್ಚಿನ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಮಗುವಿನ ಮೊದಲ ಗುರುಗಳು ತಂದೆತಾಯಿಯೇ ಎಂದು ಹೇಳಿದೆ. ಯಾವ ಕ್ಯಾಥೊಲಿಕ್ ಶಾಲೆಯ ಕೈಪಿಡಿ ತೆರೆದರೂ ಮೊದಲ ಪುಟಗಳಲ್ಲೇ ಆ ಮಾತು ಸಿಗುತ್ತದೆ. ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಳ್ಳಬೇಡಿ. ಮುಂದೆ ಬರುವ ಒಂದೊಂದು ನಿಯಮವೂ ಅದನ್ನೇ ಆಧರಿಸಿದೆ.

ದುಡ್ಡಿನ ಕಾರಣವೂ ಇದೆ. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್ಪರು) ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಕಟ್ಟಬೇಕೆಂದು ಆದೇಶಿಸಿದರು. ಐರಿಷ್, ಜರ್ಮನ್, ಇಟಾಲಿಯನ್, ಪೋಲಿಷ್ ವಲಸೆಗಾರರ ಮಕ್ಕಳು ಅಲ್ಲಿ ಬಹಳ ಕಡಿಮೆ ಶುಲ್ಕಕ್ಕೆ ಓದಿದರು. ಪಾಠ ಹೇಳುತ್ತಿದ್ದ ಸನ್ಯಾಸಿನಿಯರು ಸಂಬಳವೆಂದು ತೆಗೆದುಕೊಳ್ಳುತ್ತಿದ್ದದ್ದು ಅತ್ಯಲ್ಪವಾದ್ದರಿಂದ ಅದು ಸಾಧ್ಯವಾಗಿತ್ತು. 1960ರ ದಶಕದಲ್ಲಿ ದೇಶದ ಕ್ಯಾಥೊಲಿಕ್ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು, ಈಗ ಸುಮಾರು 17 ಲಕ್ಷ. ಸಿಸ್ಟರುಗಳು ಕಡಿಮೆಯಾದರು, ಇಂದು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಶಿಕ್ಷಕರು ಸಂಬಳದ ಮೇಲೆ ಬದುಕುವ ಸಾಮಾನ್ಯ ಗೃಹಸ್ಥರು. ಖರ್ಚು ಏರಿತು. ಹೀಗೆ ಬಿದ್ದ ಕಂದಕವನ್ನು ತುಂಬುವವರು ನೀವು, ಶುಲ್ಕದಿಂದಲೂ ಮೈಮುರಿದು ಮಾಡುವ ಕೆಲಸದಿಂದಲೂ.

ಕೆಲಸ ಎಂದರೆ ‘ಸೇವಾ ಗಂಟೆ’. ವರ್ಷಕ್ಕೆ ಒಂದು ಕುಟುಂಬ ಇಷ್ಟು ಗಂಟೆ ಶಾಲೆಗೆ ದುಡಿಯಬೇಕು ಎಂದು ನಿಗದಿಯಾಗಿರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವುದು, ಬೆಳಿಗ್ಗೆ ಕಾರುಗಳ ಸಾಲಿನಲ್ಲಿ ನಿಂತು ಬಾಗಿಲು ತೆರೆದು ಮಕ್ಕಳನ್ನು ಇಳಿಸಿಕೊಳ್ಳುವುದು, ಗ್ರಂಥಾಲಯದ ಪುಸ್ತಕ ಜೋಡಿಸುವುದು, ಶಾಲೆಗೆ ಹಣ ಕೂಡಿಸುವ ಹರಾಜಿನ ರಾತ್ರಿ ಮೇಜು ಎತ್ತಿಡುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮಾಡದಿದ್ದರೆ ಗಂಟೆಗೆ ಇಷ್ಟು ಡಾಲರ್ ಎಂದು ವರ್ಷದ ಕೊನೆಗೆ ಬಿಲ್ ಬರುತ್ತದೆ. ಮಕ್ಕಳ ಜೊತೆ ಯಾವ ಕೆಲಸ ಮಾಡಬೇಕಾದರೂ ಮೊದಲು ಬೆರಳಚ್ಚು ಕೊಡಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಬೇಕು. ಚರ್ಚಿನ ಗುರುಗಳಿಂದ (ಪಾದ್ರಿಗಳಿಂದ) ಮಕ್ಕಳ ಮೇಲೆ ನಡೆದ ದೌರ್ಜನ್ಯದ ಪ್ರಕರಣಗಳು ಬಯಲಾದ ಮೇಲೆ, 2002ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಒಪ್ಪಿಕೊಂಡ ಕಟ್ಟಳೆ ಇದು. ಬಂದ ತಿಂಗಳಲ್ಲೇ ಮುಗಿಸಿಕೊಳ್ಳಿ. ಇಲ್ಲವಾದರೆ ಮಗಳ ಮೊದಲ ಪ್ರವಾಸಕ್ಕೆ ಜೊತೆಯಲ್ಲಿ ಹೋಗಲು ಬಿಡುವುದಿಲ್ಲ.

ಇನ್ನು ಧರ್ಮದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅದನ್ನು ಹಿಂಜರಿಯುತ್ತಾ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ನಮ್ಮೂರ ಕಾನ್ವೆಂಟುಗಳಲ್ಲಿ ಸಾಮಾನ್ಯವಾಗಿ ಕ್ರೈಸ್ತ ಮಕ್ಕಳು ಧರ್ಮೋಪದೇಶದ ತರಗತಿಗೆ ಎದ್ದು ಹೋಗುತ್ತಿದ್ದರು, ಉಳಿದ ನಮಗೆ ನೀತಿಪಾಠ. ಇಲ್ಲಿ ಆ ವಿಂಗಡಣೆ ಇಲ್ಲ. ಧರ್ಮ ಎಂಬುದು ಗಣಿತದಂತೆ ಒಂದು ವಿಷಯ. ಎಲ್ಲರಿಗೂ ಪಾಠ, ಎಲ್ಲರಿಗೂ ಪರೀಕ್ಷೆ, ಅಂಕಪಟ್ಟಿಯಲ್ಲಿ ಅದಕ್ಕೂ ಒಂದು ದರ್ಜೆ. ಅದೂ ಅನೇಕ ಕಡೆ ಪಟ್ಟಿಯ ಮೊದಲ ಸಾಲಿನಲ್ಲಿಯೇ. “ನಾವು ಹಿಂದೂಗಳು, ವಿನಾಯಿತಿ ಕೊಡಿ” ಎಂದರೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ತಿಳಿವಳಿಕೆಯನ್ನು, ನಂಬಿಕೆಯನ್ನಲ್ಲ. ನನ್ನ ಮಗ ಬೈಬಲಿನ ಹತ್ತು ಕಟ್ಟಳೆಗಳನ್ನೂ ದಶಾವತಾರವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ, ಅವನಿಗೆ ಗೊಂದಲವಾದದ್ದನ್ನು ನಾನು ಕಾಣಲಿಲ್ಲ.

ವಾರಕ್ಕೊಮ್ಮೆ ಚರ್ಚಿನಲ್ಲಿ ಶಾಲೆಯ ಬಲಿಪೂಜೆ (ಮಾಸ್) ಇರುತ್ತದೆ, ಮಗಳು ತರಗತಿಯ ಜೊತೆ ಕುಳಿತಿರಬೇಕು. ಅಲ್ಲಿ ಕೊಡುವ ಪರಮಪ್ರಸಾದ (ಕಮ್ಯುನಿಯನ್) ಕ್ಯಾಥೊಲಿಕರಿಗೆ ಮಾತ್ರ. ಉಳಿದ ಮಕ್ಕಳು ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ಸಾಲಿನಲ್ಲಿ ಹೋದರೆ ಗುರುಗಳು ಆಶೀರ್ವಾದ ಮಾಡುತ್ತಾರೆ, ಹೋಗಲು ಇಷ್ಟವಿಲ್ಲದಿದ್ದರೆ ಕುಳಿತೇ ಇರಬಹುದು. ಎರಡನೇ ತರಗತಿಯೊಂದು ಮಾತ್ರ ಸ್ವಲ್ಪ ಸೂಕ್ಷ್ಮ. ಮೊದಲ ಪಾಪನಿವೇದನೆ, ಮೊದಲ ಪರಮಪ್ರಸಾದ ಎರಡೂ ಸಾಮಾನ್ಯವಾಗಿ ಆ ವರ್ಷವೇ ಬರುವುದರಿಂದ ಗೆಳತಿಯರೆಲ್ಲ ಬಿಳಿ ಉಡುಪು, ಔತಣ ಎಂದು ಸಂಭ್ರಮದಲ್ಲಿರುತ್ತಾರೆ. ನಿಮ್ಮ ಮಗಳು “ನನಗೆ ಯಾವಾಗ” ಎಂದು ಕೇಳುತ್ತಾಳೆ. ಏನು ಉತ್ತರ ಕೊಡಬೇಕೆಂದು ಒಂದನೇ ತರಗತಿಯಲ್ಲೇ ಯೋಚಿಸಿಟ್ಟುಕೊಳ್ಳಿ. ಮತಾಂತರದ ಒತ್ತಡವನ್ನು ನಾನಂತೂ ಕಾಣಲಿಲ್ಲ. ಅಂದಹಾಗೆ, ಈಸ್ಟರ್ ಹಿಂದಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸ ಮುಟ್ಟುವುದಿಲ್ಲ, ಶಾಲೆಯ ಊಟವೂ ಅಂದು ಚೀಸ್ ಪಿಜ್ಜಾ. ಸಸ್ಯಾಹಾರಿಗಳಿಗೆ ಅದೇ ಹಬ್ಬ.

ನಮ್ಮವರಲ್ಲಿ ಹೆಚ್ಚು ಮಂದಿ ಎಡವುವುದು ಹಾಜರಾತಿಯಲ್ಲಿ. ಇಲ್ಲಿಯ ಶಾಲಾ ವರ್ಷ ಸುಮಾರು 180 ದಿನ, ಆಗಸ್ಟ್ ಮಧ್ಯದಿಂದ ಜೂನ್ ಆರಂಭದವರೆಗೆ. ಕ್ರಿಸ್‌ಮಸ್‌ಗೆ ಎರಡು ವಾರ ರಜೆ. ಊರಿಗೆ ಹೋಗುವವರಿಗೆ ಎರಡು ವಾರ ಯಾವ ಮೂಲೆಗೆ? ಹೋಗಿ ಬರುವುದರಲ್ಲೇ ನಾಲ್ಕು ದಿನ ಕಳೆಯುತ್ತದೆ, ಮೇಲೆ ಸಂಕ್ರಾಂತಿ ಮುಗಿಸಿಕೊಂಡೇ ಹೊರಡಿ ಎಂದು ಅತ್ತೆಯವರ ಒತ್ತಾಯ. ಹಾಗಾಗಿ ಡಿಸೆಂಬರ್ ಮೊದಲ ವಾರ ಹೊರಟು ಜನವರಿ ಮೂರನೇ ವಾರ ಬರುವುದು ನಮ್ಮವರ ಪದ್ಧತಿ. ಕೈಪಿಡಿಯ ಲೆಕ್ಕದಲ್ಲಿ ಇದು ಅನಧಿಕೃತ ಗೈರು. ಮುಂಚಿತವಾಗಿ ಪಾಠಗಳನ್ನು ಕೊಡುವ ಹೊಣೆ ಶಿಕ್ಷಕರಿಗಿಲ್ಲ ಎಂದು ಬಹುತೇಕ ಶಾಲೆಗಳು ಬರೆದೇ ಇಟ್ಟಿರುತ್ತವೆ. ಬಿಟ್ಟುಹೋದ ಪರೀಕ್ಷೆಗಳನ್ನು ಬಂದ ಮೇಲೆ ಇಂತಿಷ್ಟು ದಿನಗಳಲ್ಲಿ ಬರೆಯಬೇಕು, ತೀರಾ ಉದ್ದವಾದರೆ ಆ ಅವಧಿಯ ದರ್ಜೆಯನ್ನೇ ತಡೆಹಿಡಿಯಬಹುದು.

ನನ್ನ ಸಲಹೆ: ಬೇಸಿಗೆಯಲ್ಲಿ ಹೋಗಿ. ಜೂನ್‌ನಲ್ಲಿ ಮೈಸೂರಿನಲ್ಲಿ ಮಳೆ, ಸೋದರ ಸಂಬಂಧಿ ಮಕ್ಕಳಿಗೆಲ್ಲ ಶಾಲೆ ಶುರುವಾಗಿರುತ್ತದೆ, ಇದು ಬೇಸರದ ವಿಷಯವೇ. ಆದರೂ ಒಂದನೇ ತರಗತಿಯಲ್ಲಿ ಓದು ಕುದುರುವ ಹೊತ್ತಿನಲ್ಲಿ ನಾಲ್ಕೈದು ವಾರ ತಪ್ಪಿಸುವುದು ಅದಕ್ಕಿಂತ ದುಬಾರಿ. ಮದುವೆಯಂಥ ಅನಿವಾರ್ಯವಿದ್ದರೆ ಟಿಕೆಟ್ ತೆಗೆಯುವ ಮೊದಲೇ ಪ್ರಿನ್ಸಿಪಾಲರಿಗೆ ಬರೆಯಿರಿ. ಟಿಕೆಟ್ ತೆಗೆದು ತಿಳಿಸುವುದನ್ನು ಯಾರೂ ಅನುಮತಿ ಕೇಳಿದಂತೆ ಎಂದುಕೊಳ್ಳುವುದಿಲ್ಲ. ಜ್ವರ ಬಂದ ದಿನ ಬೆಳಿಗ್ಗೆಯೇ ಕಚೇರಿಗೆ ಫೋನ್ ಮಾಡಬೇಕು. ಮಾಡದಿದ್ದರೆ ಅವರೇ ಮಾಡುತ್ತಾರೆ, ದನಿ ಅಷ್ಟು ಸಿಹಿಯಾಗಿರುವುದಿಲ್ಲ.

ಮನೆಗೆಲಸ ವಿಪರೀತವಿಲ್ಲ. ಒಂದನೇ ತರಗತಿಗೆ ಹತ್ತು ನಿಮಿಷ, ಎರಡಕ್ಕೆ ಇಪ್ಪತ್ತು, ಹೀಗೆ ತರಗತಿಗೆ ಹತ್ತು ನಿಮಿಷ ಎಂಬುದು ಈ ದೇಶದಲ್ಲಿ ರೂಢಿಯಲ್ಲಿರುವ ಅಳತೆ. ಅದರ ಮೇಲೆ ದಿನಾ ಜೋರಾಗಿ ಓದಿಸುವುದು. ಶುಕ್ರವಾರ ಕಾಗುಣಿತ ಪರೀಕ್ಷೆ ಇದ್ದೇ ಇರುತ್ತದೆ. ನಿಮ್ಮಿಂದ ಕೇಳುವುದು ಜಾಗ, ಸಮಯ, ಮೇಲ್ವಿಚಾರಣೆ. ಉತ್ತರ ತಿದ್ದಿ ಕಳುಹಿಸುವುದನ್ನಲ್ಲ. ಮಗಳು ತಪ್ಪು ಬರೆದರೆ ತಪ್ಪನ್ನೇ ಕಳುಹಿಸಿ. ಎಲ್ಲಿ ಅರ್ಥವಾಗಿಲ್ಲ ಎಂದು ಟೀಚರಿಗೆ ಗೊತ್ತಾಗುವುದು ಹಾಗೆಯೇ. ನಮ್ಮ ಕಡೆಯ ತಾಯಂದಿರ ಕೈ ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ವಾರಕ್ಕೊಮ್ಮೆ ಒಂದು ದೊಡ್ಡ ಲಕೋಟೆ ಮನೆಗೆ ಬರುತ್ತದೆ. ಈಗ ಬಹುಪಾಲು ಆನ್‌ಲೈನ್ ಆಗಿದೆಯಾದರೂ ಚಿಕ್ಕ ತರಗತಿಗಳಲ್ಲಿ ಕೆಲವು ಶಾಲೆಗಳು ಕಾಗದದ ಲಕೋಟೆಯನ್ನೇ ಉಳಿಸಿಕೊಂಡಿವೆ. ನಮ್ಮದರ ಮೇಲ್ಗಡೆ ವರ್ಷದ ಅಷ್ಟೂ ವಾರಗಳ ತಾರೀಖು ಅಚ್ಚಾಗಿ, ಎದುರಿಗೆ ಸಹಿಗೆ ಖಾಲಿ ಗೆರೆ ಇರುತ್ತಿತ್ತು. ಒಳಗೆ ತಿದ್ದಿದ ಪರೀಕ್ಷೆಗಳು, ಪ್ರಿನ್ಸಿಪಾಲರ ಪತ್ರ, ಪಿಜ್ಜಾ ಊಟದ ಚೀಟಿ. ನೋಡಿ, ಸಹಿ ಮಾಡಿ, ಮರುದಿನ ವಾಪಸು. ಖಾಲಿ ಉಳಿದ ಗೆರೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ.

ದರ್ಜೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕ ತರಗತಿಗಳಲ್ಲಿ ರ‍್ಯಾಂಕು, ಶೇಕಡಾ ಏನೂ ಇಲ್ಲ. ಕೌಶಲ ಬಂದಿದೆ, ಬರುತ್ತಿದೆ, ಇನ್ನೂ ಬೇಕು ಎಂಬ ಧಾಟಿಯ ಗುರುತುಗಳಷ್ಟೇ. ಎ, ಬಿ, ಸಿ ಶುರುವಾಗುವುದು ಸಾಮಾನ್ಯವಾಗಿ ಮೂರು ಅಥವಾ ನಾಲ್ಕನೇ ತರಗತಿಯಿಂದ. ದೊಡ್ಡ ತರಗತಿಗಳಲ್ಲಿ ದರ್ಜೆ ಕುಸಿದರೆ ಶಾಲಾ ತಂಡದಲ್ಲಿ ಆಡಲು ಬಿಡುವುದಿಲ್ಲ ಎಂಬ ನಿಯಮವಿರುತ್ತದೆ, ಅದಕ್ಕೆ ಇನ್ನೂ ಕಾಲವಿದೆ.

ಇದಕ್ಕಿಂತ ಮುಖ್ಯವಾದ ಒಂದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಮಗುವಿಗೆ ಓದಿನಲ್ಲಿ ವಿಶೇಷ ನೆರವು ಬೇಕಾದರೆ, ಡಿಸ್ಲೆಕ್ಸಿಯಾ, ಮಾತಿನ ತೊಂದರೆ, ಏಕಾಗ್ರತೆಯ ಸಮಸ್ಯೆ ಏನೇ ಇರಲಿ, ಸರ್ಕಾರಿ ಶಾಲೆಯಲ್ಲಿ ‘ಐಇಪಿ’ ಎಂಬ ವೈಯಕ್ತಿಕ ಯೋಜನೆ ಮಗುವಿನ ಕಾನೂನುಬದ್ಧ ಹಕ್ಕು. ನೀವಾಗಿ ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೆ ಆ ಹಕ್ಕು ಅದೇ ರೂಪದಲ್ಲಿ ಬರುವುದಿಲ್ಲ. ಶಾಲೆ ಇರುವ ಜಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ‘ಶಾಲಾ ಜಿಲ್ಲೆ’ ಮಗುವನ್ನು ಪರೀಕ್ಷಿಸಿಕೊಡಬೇಕು, ಅದು ಅವರ ಕರ್ತವ್ಯ, ಬಿಡಿಗಾಸು ಖರ್ಚಿಲ್ಲ, ಅರ್ಜಿಯನ್ನು ಬರಹದಲ್ಲಿ ಕೊಡಿ. ಆದರೆ ನಂತರ ಸಿಗುವ ಸೇವೆ ಸೀಮಿತ. ಶಾಲೆ ತಾನಾಗಿ ಕೆಲವು ಅನುಕೂಲ ಮಾಡಿಕೊಡಬಹುದು: ಹೆಚ್ಚು ಸಮಯ, ಮುಂದಿನ ಸಾಲಿನ ಕುರ್ಚಿ, ಕಡಿಮೆ ಲೆಕ್ಕಗಳು. ಅದಕ್ಕೂ ಮೇಲೆ ಬೇಕಾದರೆ “ನಿಮ್ಮ ಮಗುವಿನ ಅಗತ್ಯ ಪೂರೈಸುವುದು ನಮ್ಮಿಂದಾಗದು” ಎನ್ನುತ್ತಾರೆ. ನಮ್ಮ ಪರಿಚಯದ ಒಂದು ಕುಟುಂಬ ಮೂರನೇ ತರಗತಿಯಲ್ಲಿ ಹೀಗೆಯೇ ಸರ್ಕಾರಿ ಶಾಲೆಗೆ ಹೋಯಿತು, ಮಗು ಅಲ್ಲಿ ಚೆನ್ನಾಗಿದೆ. ನಿಮ್ಮ ಮಗಳ ಬಗ್ಗೆ ಅಂಥ ಅನುಮಾನ ಎಳ್ಳಷ್ಟಿದ್ದರೂ ಸಹಿಗೆ ಮುಂಚೆ ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ: ನೆರವಿನ ಶಿಕ್ಷಕರು ಇದ್ದಾರೆಯೇ, ವಾರಕ್ಕೆ ಎಷ್ಟು ಹೊತ್ತು?

ದೂರು ಇದ್ದರೆ ಮೊದಲು ತರಗತಿಯ ಟೀಚರಿಗೆ ಇಮೇಲ್. ಅಲ್ಲಿ ಬಗೆಹರಿಯದಿದ್ದರೆ ಪ್ರಿನ್ಸಿಪಾಲ್, ಆಮೇಲೆ ಧರ್ಮಕೇಂದ್ರದ ಗುರುಗಳು, ಕೊನೆಗೆ ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ ಆಡಳಿತದ, ಶಿಕ್ಷಣ ಕಚೇರಿ. ಮೆಟ್ಟಿಲು ಹಾರಿದರೆ ಮತ್ತೆ ಕೆಳಗಿನಿಂದಲೇ ಬನ್ನಿ ಎನ್ನುತ್ತಾರೆ. ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಟೀಚರನ್ನು ಆಡಿಕೊಳ್ಳುವುದಂತೂ ಬೇಡವೇ ಬೇಡ, ಸಂಜೆಯೊಳಗೆ ತಲುಪಬೇಕಾದಲ್ಲಿಗೆ ತಲುಪಿರುತ್ತದೆ. ಸಮವಸ್ತ್ರದ ಪುಟದಲ್ಲಿ ಆಭರಣ, ಮೈಮೇಲೆ ಬಣ್ಣ ಬೇಡ ಎಂದಿರುತ್ತದೆ. ಕಿವಿಯ ಚಿಕ್ಕ ಓಲೆಗೆ ಅಡ್ಡಿಯಿಲ್ಲ. ಕೈಗೆ ಕಟ್ಟಿದ ದೇವಸ್ಥಾನದ ದಾರ, ಮದುವೆಯ ಮೆಹಂದಿ ಇದ್ದರೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಧಾರ್ಮಿಕ ಕಾರಣ ಎಂದರೆ ಧರ್ಮದ ಶಾಲೆಗೆ ಬೇಗ ಅರ್ಥವಾಗುತ್ತದೆ.

ಶುಲ್ಕ ಈ ಕಡೆಯ ಹಲವು ಶಾಲೆಗಳಲ್ಲಿ ವರ್ಷಕ್ಕೆ 10,000 ಡಾಲರ್ ದಾಟುತ್ತದೆ. ಚರ್ಚಿನ ಸದಸ್ಯರಿಗೆ ಕಡಿಮೆ ದರ ಇರುವಲ್ಲಿ ಅದು ನಮಗೆ ಅನ್ವಯಿಸದು. ಆರ್ಥಿಕ ನೆರವಿಗೆ ಮಾತ್ರ ಯಾರಾದರೂ ಅರ್ಜಿ ಹಾಕಬಹುದು, ಸಂಕೋಚ ಬೇಡ.

ಹೊರಡುವ ಮೊದಲು ಊರಿನಲ್ಲೇ ಮುಗಿಸಬೇಕಾದದ್ದು ಲಸಿಕೆ. ಕ್ಯಾಲಿಫೋರ್ನಿಯಾದಲ್ಲಿ ಧಾರ್ಮಿಕ ಅಥವಾ ವೈಯಕ್ತಿಕ ನಂಬಿಕೆಯ ವಿನಾಯಿತಿ 2016ರಿಂದ ಇಲ್ಲ, ಖಾಸಗಿ ಶಾಲೆಗೂ ಅದೇ ಕಾನೂನು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ದಡಾರ, ರುಬೆಲ್ಲಾ ಆಗಿರುತ್ತದೆ, ಮಂಗನಬಾವು ಮತ್ತು ಸೀತಾಳೆ ಸಿಡುಬಿನದು ಆಗಿರುವುದಿಲ್ಲ. ಇಲ್ಲಿ ಎರಡಕ್ಕೂ ಎರಡೆರಡು ಡೋಸ್ ಕೇಳುತ್ತಾರೆ. ಕಾರ್ಡಿನಲ್ಲಿ ತಾರೀಖುಗಳನ್ನು ಡಾಕ್ಟರ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿಕೊಳ್ಳಿ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಕ್ಷಯದ ಅಪಾಯದ ನಮೂನೆಯನ್ನೂ ವೈದ್ಯರಿಂದ ತುಂಬಿಸಬೇಕು. ಮಗಳಿಗೆ ಕ್ಷಯದ ಲಸಿಕೆಯಾದ ಬಿಸಿಜಿ ಆಗಿದ್ದರೆ ಚರ್ಮದ ಪರೀಕ್ಷೆ ಸುಳ್ಳು ಫಲಿತಾಂಶ ಕೊಡುವ ಸಂಭವ ಇರುವುದರಿಂದ ರಕ್ತ ಪರೀಕ್ಷೆಯನ್ನೇ ಮಾಡಿ ಎಂದು ಕೇಳಿ.