ಗದಗ-ಲಕ್ಕುಂಡಿಗೆ ಒಂದು ದಿನ ಸಾಕಾಗ್ತೈತಿ

ಹುಬ್ಬಳ್ಯಾಗ ಮದುವಿ ಮುಗಿಸ್ಕೊಂಡು ಮರುದಿನ ತಾಯಿನ್ನ ಕರ್ಕೊಂಡು ಗದಗ, ಲಕ್ಕುಂಡಿ, ಡಂಬಳ ಮೂರೂ ನೋಡಬಹುದಾ ಅಂತ ಕೇಳೀರಿ. ಮೊದಲಿನ ಎರಡು ಆರಾಮ ಆಗ್ತಾವ್ರಿ. ಡಂಬಳ ಈ ಸಲ ಬಿಡ್ರಿ, ವಯಸ್ಸಾದವರಿಗೆ ದಣಿವಾಗ್ತೈತಿ.

ಮುಂಜಾನೆ ಲಗೂನ ಬಿಟ್ಟು ಸೀದಾ ಲಕ್ಕುಂಡಿಗೆ ಹೋಗ್ರಿ. ಬಿಸಿಲೇರಿದ ಮ್ಯಾಲೆ ಅಲ್ಲಿ ಗುಡಿಯಿಂದ ಗುಡಿಗೆ ಅಡ್ಡಾಡೋದು ತ್ರಾಸ. 1007ರಾಗ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿ ಕಾಶಿವಿಶ್ವೇಶ್ವರಕ್ಕ ಬರ್ರಿ. ನಿಮ್ಮ ಹೆಚ್ಚಿನ ಹೊತ್ತು ಇಲ್ಲೇ ಹೋಗ್ಲಿ. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಐತಿ. ಬಾಗಿಲ ಚೌಕಟ್ಟಿನ ಕೆತ್ತನಿ ಹತ್ತರ ನಿಂತು ನೋಡ್ರಿ. ಬಳಪದ ಕಲ್ಲು ಮೆತ್ತಗಿರೋದಕ್ಕ ಅಷ್ಟು ನಾಜೂಕು ಕೆಲಸ ಆಗೇತಿ. ಮುಸುಕಿನ ಬಾವಿಯ ಮೆಟ್ಟಲ ಮಾತ್ರ ತಾಯಿಯವರನ್ನ ಇಳಿಸಬ್ಯಾಡ್ರಿ, ಮ್ಯಾಲಿಂದನೂ ಚಂದ ಕಾಣ್ತೈತಿ.

ಗದಗಕ್ಕ ಬಂದು ರೊಟ್ಟಿ ಊಟ, ಸ್ವಲ್ಪ ವಿಶ್ರಾಂತಿ. ಸಂಜಿಗೆ ವೀರನಾರಾಯಣ ಗುಡಿ. ಕುಮಾರವ್ಯಾಸ ಕುಂತು ಭಾರತ ಬರೆದ ಅಂತ ಹೇಳೋ ಕಂಬ ಅಲ್ಲೇ ಐತಿ. ಜನ ಇಷ್ಟು ನೋಡಿ ವಾಪಸ್ ಹೋಗ್ತಾರ, ನಂಗಂತೂ ಅದು ಸರಿ ಅನ್ಸಂಗಿಲ್ಲ. ತ್ರಿಕೂಟೇಶ್ವರದ ಆವರಣದಾಗಿನ ಸರಸ್ವತಿ ಗುಡಿ ಕಂಬ ನೋಡದ ಹೋಗಬ್ಯಾಡ್ರಿ.

ಕಾರ್ ಇಲ್ಲಂದ್ರೂ ಚಿಂತಿಲ್ಲ. ಲಕ್ಕುಂಡಿ ಕೊಪ್ಪಳ ರಸ್ತಾದಾಗ, ಗದಗದಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಹತ್ತೂ ಮುಂಚೆ ಬಸ್ ಅಲ್ಲಿ ನಿಲ್ತೈತೇನು ಅಂತ ಕಂಡಕ್ಟರ್‌ನ್ನ ಕೇಳಿಬಿಡ್ರಿ.