ಇಟಾಲಿಯನ್‌ನಲ್ಲಿ 'ಅವರು ಮಾತಾಡುತ್ತಾರೆ' ಎನ್ನಲು 'ಪರ್ಲಾನೊ' ಸರಿಯೋ, 'ಪಾರ್ಲನೊ' ಸರಿಯೋ?

'ಪಾರ್ಲನೊ' ಸರಿ. (ಒತ್ತು ಬೀಳುವ ಅಕ್ಷರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ.) ಇಟಾಲಿಯನ್‌ನ ಹೆಚ್ಚಿನ ಪದಗಳಲ್ಲಿ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ ಬೀಳುವುದರಿಂದ, ಹೊಸದಾಗಿ ಕಲಿಯುವವರ ನಾಲಿಗೆ ಇಲ್ಲೂ ಅತ್ತಲೇ ವಾಲುತ್ತದೆ.

'ಪರ್ಲಾರೆ' ಧಾತುವಿನ ವರ್ತಮಾನ ರೂಪಗಳನ್ನು ಬಿಡಿಸಿ ನೋಡಿ: ಪಾರ್-ಲೊ (ನಾನು), ಪಾರ್-ಲಿ (ನೀನು), ಪಾರ್-ಲ (ಅವನು, ಅವಳು), ಪರ್-ಲ್ಯಾ-ಮೊ (ನಾವು), ಪರ್-ಲಾ-ತೆ (ನೀವು), ಪಾರ್-ಲ-ನೊ (ಅವರು). 'ನಾವು', 'ನೀವು' ರೂಪಗಳಲ್ಲಿ ಮಾತ್ರ ಒತ್ತು ಪ್ರತ್ಯಯಕ್ಕೆ ಜಾರುತ್ತದೆ. 'ಅವರು' ರೂಪ ಏಕವಚನದ ಒತ್ತನ್ನು ಬಿಟ್ಟುಕೊಡುವುದಿಲ್ಲ, ಬಾಲಕ್ಕೆ ಒಂದು 'ನೊ' ಸೇರಿಸಿಕೊಳ್ಳುತ್ತದೆ ಅಷ್ಟೆ. ಹಾಗಾಗಿ 'ತೆ-ಲೇ-ಫೊ-ನೊ' (ಫೋನ್ ಮಾಡುತ್ತೇನೆ) ಎಂಬುದು 'ತೆ-ಲೇ-ಫೊ-ನ-ನೊ' ಆದಾಗ ಒತ್ತು ಕೊನೆಯಿಂದ ನಾಲ್ಕನೆಯ ಅಕ್ಷರದಲ್ಲಿ ಕೂರುತ್ತದೆ! ಕೇಳಲು ಎಷ್ಟು ಚೆಂದ. ಬರಹದಲ್ಲಿ ಈ ಒತ್ತನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಕಿವಿಯಿಂದಲೇ ಕಲಿಯಬೇಕು.

ಪದ ಒಡೆಯುವಾಗ ದ್ವಿತ್ವ ಎರಡು ಪಾಲಾಗುತ್ತದೆ: ಮೇತ್-ತೊ-ನೊ (ಅವರು ಇಡುತ್ತಾರೆ). ನಮ್ಮ ಛಂದಸ್ಸಿನಲ್ಲಿ 'ಅಕ್ಕ'ದ ಮೊದಲ ಅಕ್ಷರ ಗುರುವಾಗುವುದೂ ಇಂಥದ್ದೇ ಕಾರಣಕ್ಕೆ. ಆದರೆ 'ಸ್' ನಂತರ ಬೇರೊಂದು ವ್ಯಂಜನ ಬಂದರೆ ಎರಡೂ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ: ಅ-ಸ್ಕೋಲ್-ತೊ (ಕೇಳಿಸಿಕೊಳ್ಳುತ್ತೇನೆ).

'ಎರೆ' ಕೊನೆಯ ಧಾತುಗಳ ವಿಷಯದಲ್ಲಿ ಜಾಗ್ರತೆ: ವೆ-ದೇ-ರೆ (ನೋಡು), ಆದರೆ ಲೇಜ್-ಜೆ-ರೆ (ಓದು). ಇವನ್ನು ಒಂದೊಂದಾಗಿ ಒತ್ತಿನ ಸಮೇತ ಬಾಯಿಪಾಠ ಮಾಡಿ.