ಖುಷಿಯಾದ ಕೂಡಲೇ ದಿಗಿಲು ಏಕೆ?

ಪ್ರಶ್ನೆ: ಆತಂಕಕ್ಕೆ ಎಂಟು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಭಯ ಎಷ್ಟೋ ತಗ್ಗಿದೆ. ಆದರೆ ಒಳ್ಳೆಯ ಸುದ್ದಿ ಬಂದಾಗ ನೆಮ್ಮದಿಯಾಗಿ ಖುಷಿಪಡಲು ಆಗುತ್ತಿಲ್ಲ. ನಗುತ್ತಿರುವಾಗಲೇ ‘ಮುಂದೆ ಏನು ಕಾದಿದೆಯೋ’ ಎನಿಸಿ ಎದೆ ಡವಡವ ಎನ್ನುತ್ತದೆ. ಇದು ನನಗೊಬ್ಬಳಿಗೇ ಹೀಗಾ?

ಉತ್ತರ: ಖಂಡಿತ ಅಲ್ಲ. ಆತಂಕ ಇರುವ ಬಹಳ ಮಂದಿ ಇದನ್ನೇ ಹೇಳುತ್ತಾರೆ. ಭಯ ಇಳಿದ ಮಾತ್ರಕ್ಕೆ ಸಂತೋಷ ತಾನಾಗಿ ಏರುವುದಿಲ್ಲ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

ಖುಷಿಯಲ್ಲಿದ್ದಾಗ ಕೆಟ್ಟ ಸುದ್ದಿ ಬಂದರೆ ಪೆಟ್ಟು ಜೋರು. ಮೊದಲೇ ಕಳವಳದಲ್ಲಿದ್ದರೆ ಅಷ್ಟು ತಾಗುವುದಿಲ್ಲ. ಹಾಗಾಗಿ ಮನಸ್ಸು ಚಿಂತೆಯನ್ನು ಕೈಬಿಡಲು ಹೆದರುತ್ತದೆ. 2011ರಲ್ಲಿ ಮಿಷೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ ಎಂಬ ಮನೋವಿಜ್ಞಾನಿಗಳು ಮಂಡಿಸಿದ ವಿವರಣೆ ಇದು. ಇನ್ನೊಂದು ತೊಡಕೂ ಇದೆ: ಹೆದರಿದ್ದು ಹೆಚ್ಚಿನ ಸಲ ನಡೆಯುವುದೇ ಇಲ್ಲ, ಆದರೆ ಮನಸ್ಸು ಅದರ ಶ್ರೇಯವನ್ನು ಚಿಂತೆಗೇ ಕೊಡುತ್ತದೆ. ಜೊತೆಗೆ, ಸಂಭ್ರಮದಲ್ಲೂ ಎದೆಬಡಿತ ಏರುತ್ತದೆ. ಅದನ್ನು ಅಪಾಯವೆಂದೇ ಓದಿಕೊಂಡು ಪಳಗಿದವರಿಗೆ ಖುಷಿಯೇ ಗಾಬರಿ ಹುಟ್ಟಿಸಬಹುದು.

ದೊಡ್ಡ ಸಂತೋಷದಿಂದ ಶುರುಮಾಡಬೇಡಿ. ದಿನಕ್ಕೆರಡು ಸಲ, ಬಿಸಿನೀರು ಬೆನ್ನಿಗೆ ಬೀಳುವಾಗಲೋ ಇಷ್ಟದ ಹಾಡು ಕೇಳುವಾಗಲೋ 30 ಸೆಕೆಂಡು ಗಮನವನ್ನು ಅದರಲ್ಲೇ ಇಡಿ. ನೀರಿನ ಬಿಸಿ ಎಲ್ಲಿ ತಾಗುತ್ತಿದೆ, ಹಾಡಿನಲ್ಲಿ ಯಾವ ವಾದ್ಯ ಕೇಳುತ್ತಿದೆ, ಅಷ್ಟೇ. ಚಿಂತೆ ನುಗ್ಗುತ್ತದೆ, ನುಗ್ಗಲಿ. ಅದರ ಜೊತೆ ವಾದಕ್ಕಿಳಿಯದೆ ‘ಚಿಂತೆ ಬಂತು’ ಎಂದುಕೊಂಡು ಮತ್ತೆ ನೀರಿಗೆ, ಹಾಡಿಗೆ ಮರಳಿ. ಸಲೀಸಾದ ಮೇಲೆ ಒಂದು ನಿಮಿಷಕ್ಕೆ ಏರಿಸಿ. ಹೆಚ್ಚಿನವರು ಎಡವುವುದು ‘ಈಗ ಖುಷಿಯಾಯಿತಾ?’ ಎಂದು ನಡುನಡುವೆ ತಪಾಸಣೆ ಮಾಡುವುದರಲ್ಲಿ. ಹಾಗೆ ಅಳೆಯಲು ಹೊರಟರೆ ಗಮನ ಹಾಡಿನಿಂದ ನಿಮ್ಮ ಮೇಲೆಯೇ ತಿರುಗುತ್ತದೆ. ಕಣ್ಣು ಮುಚ್ಚಿ ಕೂತರೆ ಗಾಬರಿ ಹೆಚ್ಚುವವರೂ ಇದ್ದಾರೆ. ಅಂಥವರು ಕಣ್ಣು ತೆರೆದು, ನಡೆಯುತ್ತಲೇ ಮಾಡಲಿ.

ಚಿಂತೆಗೂ ಒಂದು ಹೊತ್ತು ಗೊತ್ತುಮಾಡಿ: ದಿನವೂ ಒಂದೇ ವೇಳೆ, ಒಂದೇ ಕುರ್ಚಿ, 20 ನಿಮಿಷ. ಹಾಸಿಗೆಯ ಮೇಲೆ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಉಳಿದ ವೇಳೆಯಲ್ಲಿ ಬಂದದ್ದನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಆ ಹೊತ್ತಿಗೆ ಮುಂದೂಡಿ. ಅದುಮಿಡುವುದು ಬೇರೆ, ಮುಂದೂಡುವುದು ಬೇರೆ. ಅದುಮಿದ್ದು ಮತ್ತೆ ಪುಟಿಯುತ್ತದೆ. ಪ್ರತಿ ಸಾಲಿನ ಪಕ್ಕದಲ್ಲಿ ‘ಇದು ನಡೆಯುವ ಸಾಧ್ಯತೆ ಶೇಕಡಾ ಎಷ್ಟು’ ಎಂದು ಬರೆಯಿರಿ, ಆಮೇಲೆ ನಡೆದದ್ದನ್ನೂ ಬರೆಯಿರಿ. ಚಿಂತೆಗೆ ಸಿಗುತ್ತಿರುವ ಸುಳ್ಳು ಶ್ರೇಯ ಕಳಚುವುದು ಈ ಲೆಕ್ಕದಿಂದಲೇ. ನಮ್ಮ ಮಟ್ಟಿಗೆ, ಇಡೀ ಅಭ್ಯಾಸದಲ್ಲಿ ಬಿಡಬಾರದ ಭಾಗ ಇದು.

ಇನ್ನು ಮಾತ್ರೆಯ ವಿಷಯ. ಖುಷಿ ಬಂದು, ಅದರ ಬೆನ್ನಿಗೇ ದಿಗಿಲು ಬಂದರೆ ಅದು ಹೆಚ್ಚಾಗಿ ಆತಂಕದ ಕೆಲಸ. ಅಳುವೂ ಬಾರದೆ, ನಗುವೂ ಬಾರದೆ ಎಲ್ಲ ಸಪ್ಪೆಯಾಗಿದ್ದರೆ ಔಷಧದ ಪರಿಣಾಮವಿರಬಹುದು. ಆತಂಕಕ್ಕೂ ಕೊಡುವ ಕೆಲವು ಖಿನ್ನತೆ-ನಿವಾರಕಗಳಿಂದ ಕೆಲವರಿಗೆ ಹೀಗಾಗುತ್ತದೆ. ಎರಡು ವಾರ ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ ಖಿನ್ನತೆ ಇದೆಯೇ ಎಂದು ನೋಡಿಸಬೇಕು. ಸಾಯುವ ಯೋಚನೆ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಿರಿಕಿರಿ ಕಾಣಿಸಿಕೊಳ್ಳಬಹುದು. ಖುಷಿಯ ಬೆನ್ನಿಗೆ ದಿಗಿಲೋ, ಎಲ್ಲವೂ ಸಪ್ಪೆಯೋ, ಆಸಕ್ತಿಯೇ ಇಲ್ಲವೋ, ಈ ಮೂರರಲ್ಲಿ ನಿಮ್ಮದು ಯಾವುದೆಂದು ಒಂದು ವಾರ ಗುರುತು ಹಾಕಿಕೊಂಡು ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಪ್ರಮಾಣ ಬದಲಿಸಬೇಕೋ, ಮಾತಿನ ಚಿಕಿತ್ಸೆ ಸೇರಿಸಬೇಕೋ ಎಂದು ತೀರ್ಮಾನಿಸಲು ಅವರಿಗೆ ಅದು ನೆರವಾಗುತ್ತದೆ.